ಎಂಆರ್‌ಐ ಚಿತ್ರದಲ್ಲಿ ಗೆರೆ, ನೆರಳು, ಮಸುಕು ಬಂದಾಗ ಮೊದಲು ಎಲ್ಲಿ ನೋಡಬೇಕು

ಚಿತ್ರ ಕೆಟ್ಟಿದೆ ಅಂತ ಗೊತ್ತಾದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ. ಅದೇ ಸೀಕ್ವೆನ್ಸನ್ನು (ಒಂದು ಬಗೆಯ ಚಿತ್ರ ತೆಗೆಯಲು ಮಷೀನ್ ಓಡಿಸುವ ಕ್ರಮ) ಇನ್ನೊಮ್ಮೆ ಓಡಿಸುತ್ತಾರೆ. ಮತ್ತೆ ಹಾಗೇ ಬಂದರೆ ಮಷೀನ್ ರೀಸ್ಟಾರ್ಟ್. ಆಮೇಲೆ ಸರ್ವೀಸ್ ಎಂಜಿನಿಯರ್‌ಗೆ ಫೋನು. ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ನಾನೂ ಹೀಗೇ ಮಾಡಿದ್ದೇನೆ. ರೀಸ್ಟಾರ್ಟ್ ಆದ ಮೇಲೆ ದೋಷ ಎಲ್ಲಿತ್ತು ಅನ್ನುವ ಸುಳಿವೇ ಉಳಿಯುವುದಿಲ್ಲ. ಎಂಜಿನಿಯರ್ ಬಂದಾಗ ಮಷೀನ್ ಚೆನ್ನಾಗಿರುತ್ತದೆ. ಅವರು ಹೋದ ಮೂರನೇ ದಿನ ಮತ್ತೆ ಶುರು.

ನಾನು ಧಾರವಾಡದ ಕಡೆಯವನು. ಮುಂಬೈನ ಒಂದು ಸ್ಕ್ಯಾನ್ ಸೆಂಟರ್‌ನಲ್ಲಿ 1.5 ಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆ) ಮಷೀನಿನ ಮುಂದೆ ಕೂತು ಹದಿಮೂರು ವರ್ಷ ಆಯಿತು. ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಕಡೆ ಡಿಪ್ಲೊಮಾ ಮುಗಿಸಿ ಮುಂಬೈ, ಪುಣೆ, ಗೋವಾಕ್ಕೆ ಕೆಲಸಕ್ಕೆ ಬರುವ ನಮ್ಮ ಹುಡುಗ ಹುಡುಗಿಯರು ಆಗಾಗ ಒಂದು ಇಮೇಜ್ ಕಳಿಸಿ, "ಅಣ್ಣಾ, ಇದು ಯಾಕೆ ಹಿಂಗಾಗಿದೆ?" ಅಂತ ಕೇಳುತ್ತಾರೆ. ಪೇಶೆಂಟ್ ಹೆಸರು, ನಂಬರು ಮುಚ್ಚಿ ಕಳಿಸಿ ಅಂತ ಮೊದಲು ಹೇಳುತ್ತೇನೆ. ಆಮೇಲೆ ಹೇಳುವುದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ.

ದೋಷ ಯಾರ ಬೆನ್ನು ಹತ್ತುತ್ತದೆ ನೋಡಿ

ಅನುಮಾನ ಪಡಬೇಕಾದ ಜಾಗ ನಾಲ್ಕೇ. ಪೇಶೆಂಟ್, ಕಾಯಿಲ್ (ಮೈಯಿಂದ ಬರುವ ಸಿಗ್ನಲ್ ಹಿಡಿಯಲು ಆ ಭಾಗಕ್ಕೆ ಹಾಕುವ ಸಾಧನ), ರೂಮು, ನಾವು ಹಾಕಿದ ಸೆಟ್ಟಿಂಗ್. ಮಷೀನಿನ ಒಳಭಾಗ ನಿಜವಾಗಿ ಕೆಟ್ಟಿರುವುದು ನನ್ನ ಅನುಭವದಲ್ಲಿ ಕಡಿಮೆ. ಕೆಟ್ಟಾಗ ಅದು ಸಾಮಾನ್ಯವಾಗಿ ಎರರ್ ತೋರಿಸಿಯೇ ನಿಲ್ಲುತ್ತದೆ.

ಹಾಗಾಗಿ ಪೇಶೆಂಟನ್ನು ಇಳಿಸಿ, ಅದೇ ಕಾಯಿಲ್‌ನಲ್ಲಿ ಫ್ಯಾಂಟಮ್ (ಪರೀಕ್ಷೆಗೆಂದೇ ಇರುವ ನೀರು ತುಂಬಿದ ಡಬ್ಬಿ) ಇಡಿ. ಅದೇ ಸೀಕ್ವೆನ್ಸ್ ಓಡಿಸಿ. ಗೆರೆಯೋ ನೆರಳೋ ಹೋಯಿತು ಅಂದರೆ ಅದು ಪೇಶೆಂಟಿನದು. ಉಳಿಯಿತು ಅಂದರೆ ಕಾಯಿಲ್ ಬದಲಿಸಿ ನೋಡಿ. ಈಗ ಹೋಯಿತಾ? ಕಾಯಿಲ್‌ದೇ ತಪ್ಪು. ಎಲ್ಲಾ ಕಾಯಿಲ್‌ನಲ್ಲೂ ಬರುತ್ತಿದ್ದರೆ ಬೇರೆ ಸೀಕ್ವೆನ್ಸ್ ಹಾಕಿ ನೋಡಿ. ಆಗಲೂ ಉಳಿದರೆ ರೂಮಿನ ಕಡೆ ತಿರುಗಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಕಾಯಿಲ್ಲೂ ಸೀಕ್ವೆನ್ಸೂ ಒಟ್ಟಿಗೆ ಬದಲಿಸಿದರೆ ಚಿತ್ರ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ.

ಫ್ಯಾಂಟಮ್ ಇಟ್ಟ ಕೂಡಲೇ ಸ್ಟಾರ್ಟ್ ಒತ್ತಬೇಡಿ. ಒಳಗಿನ ನೀರು ಇನ್ನೂ ಅಲುಗಾಡುತ್ತಿರುತ್ತದೆ, ಅದೇ ಒಂದು ನೆರಳು ಕೊಡುತ್ತದೆ. ಐದು ನಿಮಿಷ ಬಿಡಿ. ನಾನು ಒಮ್ಮೆ ಈ ನೆರಳನ್ನು ನೋಡಿ ಹೆದರಿ ರಾತ್ರಿ ಹನ್ನೊಂದಕ್ಕೆ ಎಂಜಿನಿಯರನ್ನು ಎಬ್ಬಿಸಿದ್ದೆ.

ಗೆರೆ ಯಾವ ದಿಕ್ಕಿಗೆ ಓಡುತ್ತಿದೆ?

ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಎಂಆರ್‌ಐ ಚಿತ್ರಕ್ಕೆ ಎರಡು ದಿಕ್ಕುಗಳಿವೆ. ಒಂದು ಸಾಲಿನ ಉದ್ದಕ್ಕೂ ಓದುವುದು ಫ್ರೀಕ್ವೆನ್ಸಿ ದಿಕ್ಕು, ಸಾಲಿನಿಂದ ಸಾಲಿಗೆ ಹೋಗುವುದು ಫೇಸ್ ದಿಕ್ಕು. ಇವೆರಡನ್ನೂ ಮಷೀನ್ ಓದುವ ವೇಗಕ್ಕೆ ಅಜಗಜಾಂತರ.

ಒಂದು ಸಾದಾ ಸ್ಪಿನ್ ಎಕೋ ಸೀಕ್ವೆನ್ಸ್ ತೆಗೆದುಕೊಳ್ಳಿ. 256 ಸಾಲು, ಟಿಆರ್ (ಒಂದು ಸಾಲಿನಿಂದ ಮುಂದಿನ ಸಾಲಿಗೆ ಹಿಡಿಯುವ ಹೊತ್ತು) 500 ಮಿಲಿಸೆಕೆಂಡ್. ಬ್ಯಾಂಡ್‌ವಿಡ್ತ್ (ಓದುವ ಫ್ರೀಕ್ವೆನ್ಸಿಗಳ ಹರವು) 32 ಕಿಲೋಹರ್ಟ್ಝ್ ಇದ್ದರೆ ಒಂದು ಸಾಲಿನ 256 ಬಿಂದುಗಳನ್ನು ಓದಲು ಬರೀ 8 ಮಿಲಿಸೆಕೆಂಡ್ ಸಾಕು. ಅಷ್ಟರಲ್ಲಿ ಯಾರೂ ಅಲುಗಾಡುವುದಿಲ್ಲ. ಆದರೆ ಒಂದು ಸಾಲಿನಿಂದ ಮುಂದಿನ ಸಾಲಿಗೆ ಅರ್ಧ ಸೆಕೆಂಡ್ ಬೇಕು. 256 ಸಾಲು ಮುಗಿಯಲು 128 ಸೆಕೆಂಡ್, ಅಂದರೆ ಎರಡು ನಿಮಿಷದ ಮೇಲೆ. ಈ ಎರಡು ನಿಮಿಷದಲ್ಲಿ ಪೇಶೆಂಟ್ ಮೂವತ್ತು ನಲವತ್ತು ಸಲ ಉಸಿರಾಡುತ್ತಾರೆ, ನಾಲ್ಕು ಸಲ ಎಂಜಲು ನುಂಗುತ್ತಾರೆ. ಅದೆಲ್ಲ ಫೇಸ್ ದಿಕ್ಕಿನಲ್ಲಿ ಹರಡಿಕೊಳ್ಳುತ್ತದೆ. ಅದಕ್ಕೇ ಹೊಟ್ಟೆ ಮೇಲೆ ಕೆಳಗೆ ಆಡುತ್ತಿದ್ದರೂ ನೆರಳು ಎಡಕ್ಕೆ ಬಲಕ್ಕೆ ಬೀಳಬಹುದು. ಹೊಟ್ಟೆ ಆಡಿದ ದಿಕ್ಕು ಯಾವುದಾದರೂ ಇರಲಿ, ನೆರಳು ಬೀಳುವುದು ಫೇಸ್ ದಿಕ್ಕಿಗೇ.

ಪರೀಕ್ಷೆ ಸುಲಭ. ಫೇಸ್ ಮತ್ತು ಫ್ರೀಕ್ವೆನ್ಸಿ ದಿಕ್ಕನ್ನು ಅದಲುಬದಲು ಮಾಡಿ ಒಂದು ಸಲ ಓಡಿಸಿ. ನೆರಳು ಜಾಗ ಬದಲಿಸಿದರೆ ಅದು ಚಲನೆಯದ್ದು, ಅಥವಾ ರಕ್ತದ ಹರಿವಿನದ್ದು. ಬದಲಾಗದೆ ಅಲ್ಲೇ ಉಳಿದರೆ ಅದು ನಿಜವಾದ ಗಡ್ಡೆಯೋ ಗಾಯವೋ ಇರಬಹುದು. ಡಾಕ್ಟರಿಗೆ ಅನುಮಾನ ಬಂದ ಕೇಸುಗಳಲ್ಲಿ ಈ ಒಂದು ಹೆಚ್ಚುವರಿ ಸೀಕ್ವೆನ್ಸ್‌ಗೆ ಹಿಂದೆಮುಂದೆ ನೋಡಬೇಡಿ. ಲಿವರ್‌ನಲ್ಲಿ ಕಂಡ ಚುಕ್ಕೆ ಹಿಂದಿನ ರಕ್ತನಾಳದ ಮಿಡಿತದ ನೆರಳು ಅಂತ ಇದರಿಂದಲೇ ಗೊತ್ತಾಗಿದೆ, ಒಂದಲ್ಲ ಹತ್ತು ಸಲ.

ಕತ್ತಿನ ಬೆನ್ನುಹುರಿ ನೋಡುವಾಗ ಎಂಜಲು ನುಂಗುವುದೇ ದೊಡ್ಡ ತೊಂದರೆ. ಗಂಟಲಿನ ಮೇಲೆ ಒಂದು ಸ್ಯಾಚುರೇಷನ್ ಬ್ಯಾಂಡ್ (ಆ ಜಾಗದ ಸಿಗ್ನಲ್ ಅಳಿಸುವ ಪಟ್ಟಿ) ಹಾಕಿ. ಫೇಸ್ ದಿಕ್ಕನ್ನು ತಲೆಯಿಂದ ಕಾಲಿನ ಕಡೆಗೆ ತಿರುಗಿಸಿ, ಜೊತೆಗೆ ಓವರ್‌ಸ್ಯಾಂಪ್ಲಿಂಗ್ (ಚೌಕಟ್ಟಿನ ಹೊರಗೂ ಓದಿಸುವುದು) ಕೊಡಿ. ಇಲ್ಲದಿದ್ದರೆ ತಲೆ ಮಡಚಿಕೊಂಡು ಎದೆಯ ಮೇಲೆ ಬಂದು ಕೂರುತ್ತದೆ. ಚೌಕಟ್ಟಿನ ಹೊರಗಿದ್ದ ಭಾಗ ಎದುರು ಬದಿಯಿಂದ ಒಳಗೆ ನುಗ್ಗುವ ಈ ದೋಷ ಕಂಡರೆ ಗಾಬರಿ ಬೇಡ. ಓವರ್‌ಸ್ಯಾಂಪ್ಲಿಂಗ್ ಜಾಸ್ತಿ ಮಾಡಿ, ಇಲ್ಲವೇ ಚೌಕಟ್ಟು ದೊಡ್ಡದು ಮಾಡಿ. ಅಷ್ಟೇ.

ಪೇಶೆಂಟಿಗೆ ಮಾತು ತಿಳಿಯಿತಾ?

ವಿಜಯಪುರ ಕಡೆಯ ಒಬ್ಬ ಅಜ್ಜಿ ಬಂದಿದ್ದರು. ಮಗ ಮುಂಬೈನಲ್ಲಿ ಗೌಂಡಿ ಕೆಲಸ ಮಾಡುತ್ತಾನೆ, ಹೊಟ್ಟೆನೋವು ಅಂತ ಕರೆದುಕೊಂಡು ಬಂದಿದ್ದ. ಪಿತ್ತನಾಳದ ಸ್ಕ್ಯಾನ್. ಆ ಹೊತ್ತು ಕನ್ಸೋಲ್‌ನಲ್ಲಿದ್ದದ್ದು ನಮ್ಮ ಮರಾಠಿ ಹುಡುಗ. ಒಳ್ಳೆಯ ಕೆಲಸಗಾರ. ಮೂರು ಸಲ ತೆಗೆದ, ಮೂರು ಸಲವೂ ಲಿವರ್ ಅಂಚು ನಾಲ್ಕು ನಾಲ್ಕಾಗಿ ಕಾಣುತ್ತಿತ್ತು. ಬೆಲ್ಟ್ ಬಿಗಿಮಾಡಿದ, ಕಾಯಿಲ್ ಬದಲಿಸಿದ. ಮಷೀನಿನಲ್ಲೇ ಏನೋ ಇದೆ ಅಂದ.

ನಾನು ಒಳಗೆ ಹೋಗಿ ಕೇಳಿದೆ: "ಯವ್ವಾ, ಒಳಗ ಧ್ವನಿ ಕೇಳ್ತದೇನ್ರಿ?"

"ಕೇಳ್ತೈತಿ ತಮ್ಮಾ. ಏನ್ ಅಂತೈತಿ ಅನ್ನೂದು ತಿಳಿವಲ್ದು."

ಮಷೀನಿನಿಂದ ಬರುತ್ತಿದ್ದದ್ದು ಹಿಂದಿಯಲ್ಲಿ "ಸಾಂಸ್ ರೋಕಿಯೇ" ಅನ್ನುವ ರೆಕಾರ್ಡಿಂಗ್. ಅಜ್ಜಿ ಆ ಧ್ವನಿ ಬಂದಾಗಲೆಲ್ಲ ತಲೆ ಎತ್ತಿ ಯಾರು ಕರೆದರು ಅಂತ ನೋಡುತ್ತಿದ್ದರು. ನಾನು ಅವರ ಹೊಟ್ಟೆಯ ಮೇಲೆ ಕೈ ಇಟ್ಟು ಎರಡು ಸಲ ಅಭ್ಯಾಸ ಮಾಡಿಸಿದೆ. "ಉಸುರು ಒಳಗ ತಗೋರಿ. ಹೊರಗ ಬಿಡ್ರಿ. ಈಗ ಹಂಗ ಹಿಡ್ಕೋರಿ, ನಾ ಹೇಳೂತನಾ ಬಿಡಬ್ಯಾಡ್ರಿ." ಆಮೇಲೆ ಮೈಕಿನಲ್ಲಿ ನಾನೇ ಹೇಳಿದೆ. ಹದಿನಾರು ಸೆಕೆಂಡ್ ಅವರು ಕಲ್ಲಿನ ಹಾಗೆ ಮಲಗಿದ್ದರು. ಒಂದೇ ಸಲಕ್ಕೆ ಪಿತ್ತನಾಳ ದಾರ ಹಿಡಿದಷ್ಟು ಸ್ಪಷ್ಟವಾಗಿ ಬಂತು. ಕೊನೆಯಲ್ಲಿ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡಿತ್ತು. ಮೊದಲಿನ ಮೂರು ಚಿತ್ರಗಳಲ್ಲಿ ಅದು ಇರಲೇ ಇಲ್ಲ.

ಆ ವಾರವೇ ನಾವು ಕನ್ನಡದಲ್ಲಿ ರೆಕಾರ್ಡ್ ಮಾಡಿ ಮಷೀನಿಗೆ ಹಾಕಿದೆವು. ಹೊಟ್ಟೆಯ ಸ್ಕ್ಯಾನ್ ಮಾಡುವ ಬಹಳಷ್ಟು ಮಷೀನುಗಳಲ್ಲಿ ಸ್ವಂತ ಧ್ವನಿ ಸೇರಿಸುವ ಸೌಲಭ್ಯ ಇರುತ್ತದೆ, ಯಾರೂ ಬಳಸುವುದಿಲ್ಲ. ನಿಮ್ಮಲ್ಲೂ ಇದೆಯಾ ನೋಡಿ. ಉಸಿರು ಹೊರಗೆ ಬಿಟ್ಟು ಹಿಡಿಯುವ ಹಾಗೆ ಹೇಳಿಕೊಡಿ. ಒಳಗೆ ಎಳೆದು ಹಿಡಿದರೆ ಪ್ರತಿ ಸಲ ಅಳತೆ ಬೇರೆ ಬೇರೆ ಆಗಿ ಲಿವರ್ ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತದೆ. ಬಿಟ್ಟು ಹಿಡಿದರೆ ಹೆಚ್ಚುಕಡಿಮೆ ಒಂದೇ ಜಾಗ.

ಹಿಡಿಯಲು ಆಗದವರಿಗೆ, ಚಿಕ್ಕ ಮಕ್ಕಳಿಗೆ, ಕೈನಡುಕ ಇರುವವರಿಗೆ, ಕೆ-ಸ್ಪೇಸನ್ನು (ಚಿತ್ರವಾಗುವ ಮುಂಚಿನ ಕಚ್ಚಾ ಡೇಟಾ) ಚಕ್ರದ ಕಡ್ಡಿಗಳ ಹಾಗೆ ತಿರುಗಿಸಿ ಓದುವ ಸೀಕ್ವೆನ್ಸ್ ಇದೆ. ಒಂದೊಂದು ಕಂಪನಿಯಲ್ಲಿ ಒಂದೊಂದು ಹೆಸರು: ಪ್ರೊಪೆಲ್ಲರ್, ಬ್ಲೇಡ್, ಮಲ್ಟಿವೇನ್. ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ, ಆದರೆ ಅಲುಗಾಟವನ್ನು ತಡೆದುಕೊಳ್ಳುತ್ತದೆ. ಇನ್ನೊಂದು ಮಾತು. ಮುಖ್ಯವಾದ ಸೀಕ್ವೆನ್ಸನ್ನು ಮೊದಲೇ ತೆಗೆಯಿರಿ. ಇಪ್ಪತ್ತನೇ ನಿಮಿಷಕ್ಕೆ ಯಾರಿಗಾದರೂ ಬೆನ್ನು ನೋಯುತ್ತದೆ, ಅಲ್ವಾ?

ಕಪ್ಪು ತೂತು, ಸುತ್ತ ಬಿಳಿ ಅಂಚು

ಇದು ಕಂಡರೆ ಲೋಹ. ಸೀರೆಯ ಪಿನ್ನು, ರವಿಕೆಯ ಹುಕ್ಕು, ಉಡಿದಾರದ ತಾಯಿತ, ಕಾಲುಂಗುರ, ಹೇರ್‌ಪಿನ್ನು. "ಏನೂ ಇಲ್ಲ" ಅಂತ ಪೇಶೆಂಟ್ ಹೇಳಿದರೂ ಬಟ್ಟೆ ಬದಲಿಸಿಯೇ ಒಳಗೆ ಕಳಿಸಿ. ತಾಯಿತ ಬಿಚ್ಚಲು ಕೆಲವರು ಒಪ್ಪುವುದಿಲ್ಲ. ಅದನ್ನು ಅವರ ಮನೆಯವರ ಕೈಗೇ ಕೊಡಿಸಿ, ಸ್ಕ್ಯಾನ್ ಆದ ಕೂಡಲೇ ಕಟ್ಟಿಕೊಳ್ಳಬಹುದು ಅಂತ ಹೇಳಿ. ಮರ್ಯಾದೆಯಿಂದ ಹೇಳಿದರೆ ಒಪ್ಪುತ್ತಾರೆ. ಕೆಲವು ಮಸ್ಕಾರಾ, ಐಲೈನರ್‌ಗಳಲ್ಲಿ ಕಬ್ಬಿಣದ ಆಕ್ಸೈಡ್ ಇರುತ್ತದೆ. ಕಣ್ಣಿನ ಸ್ಕ್ಯಾನ್ ಇದ್ದರೆ ಅದನ್ನೂ ಒರೆಸಿಸಿ.

ಲೋಹದ ವಿಷಯದಲ್ಲಿ ಚಿತ್ರಕ್ಕಿಂತ ಜೀವ ದೊಡ್ಡದು. 2018ರ ಜನವರಿಯಲ್ಲಿ ಇದೇ ಮುಂಬೈನ ಆಸ್ಪತ್ರೆಯೊಂದರಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಎಂಆರ್‌ಐ ರೂಮಿಗೆ ಹೋದ ಒಬ್ಬ ಯುವಕ ಸತ್ತುಹೋದ. ಸ್ಕ್ಯಾನ್ ನಡೆಯದಿದ್ದರೂ ಮ್ಯಾಗ್ನೆಟ್ ಆನ್ ಇರುತ್ತದೆ. ಸೂಪರ್‌ಕಂಡಕ್ಟಿಂಗ್ ಸುರುಳಿ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿ ರಾತ್ರಿ ಹಗಲು ಎಳೆಯುತ್ತಲೇ ಇರುತ್ತದೆ. ದೋಷ ಹುಡುಕುವ ಅವಸರದಲ್ಲಿ ಸ್ಕ್ರೂಡ್ರೈವರ್ ಹಿಡಿದು ಒಳಗೆ ಹೋಗುವುದು, ನೆಲ ಒರೆಸುವವರ ಸ್ಟೀಲ್ ಬಕೆಟ್ ಒಳಗೆ ಬರುವುದು, ಎರಡೂ ಕೂಡದು.

ತೆಗೆಯಲಾಗದ ಲೋಹ ಇದ್ದರೆ, ಅಂದರೆ ಮೊದಲು ಕಾರ್ಡ್ ನೋಡಿ ಸುರಕ್ಷಿತ ಅಂತ ಖಚಿತವಾದ ಇಂಪ್ಲಾಂಟ್ ಇದ್ದರೆ, ಗ್ರೇಡಿಯೆಂಟ್ ಎಕೋ ಸೀಕ್ವೆನ್ಸ್ ಬಿಟ್ಟು ಟರ್ಬೋ ಸ್ಪಿನ್ ಎಕೋ ಸೀಕ್ವೆನ್ಸ್ ಹಾಕಿ. ಬ್ಯಾಂಡ್‌ವಿಡ್ತ್ ಏರಿಸಿ, ಸ್ಲೈಸ್ (ಚಿತ್ರ ತೆಗೆಯುವ ಹೋಳು) ತೆಳು ಮಾಡಿ, ಟಿಇ (ಸಿಗ್ನಲ್ ಓದುವ ತನಕ ಕಾಯುವ ಹೊತ್ತು) ತಗ್ಗಿಸಿ. ಎರಡು ಮಷೀನ್ ಇರುವ ಕಡೆ 3 ಟೆಸ್ಲಾ ಬಿಟ್ಟು 1.5ರಲ್ಲಿ ಮಾಡಿ.

ಕೊಬ್ಬು ಮರೆಯಾಗದಿದ್ದರೆ

ಇದು ಲೋಹದ ತಮ್ಮ. ನೀರಿನ ಹೈಡ್ರೋಜನ್ ಮತ್ತು ಕೊಬ್ಬಿನ ಹೈಡ್ರೋಜನ್ ನಡುವೆ ಫ್ರೀಕ್ವೆನ್ಸಿ ವ್ಯತ್ಯಾಸ ಹತ್ತು ಲಕ್ಷಕ್ಕೆ ಮೂರೂವರೆ ಭಾಗ. 1.5 ಟೆಸ್ಲಾದಲ್ಲಿ ಸುಮಾರು 220 ಹರ್ಟ್ಝ್, 3 ಟೆಸ್ಲಾದಲ್ಲಿ ಅದರ ಎರಡರಷ್ಟು. ಕೊಬ್ಬಿನ ಸಿಗ್ನಲ್ ಅಳಿಸುವ ಫ್ಯಾಟ್ ಸ್ಯಾಚುರೇಷನ್ ಈ ಸಣ್ಣ ಅಂತರವನ್ನೇ ನಂಬಿಕೊಂಡು ಕೆಲಸ ಮಾಡುತ್ತದೆ. ಕತ್ತು ಮತ್ತು ಭುಜದ ಸಂದಿಯಲ್ಲಿ ಗಾಳಿ ಇರುವುದರಿಂದ ಕಾಂತಕ್ಷೇತ್ರ ಅಲ್ಲಿ ಏರುಪೇರಾಗುತ್ತದೆ. ಆಗ ಕೊಬ್ಬು ಬೆಳ್ಳಗೆ ಉಳಿಯುತ್ತದೆ, ಕೆಲವು ಸಲ ಬದಲಿಗೆ ನೀರೇ ಮಾಯವಾಗುತ್ತದೆ. ಬೆಳ್ಳಗೆ ಉಳಿದ ಕೊಬ್ಬನ್ನು ಊತ ಅಂತ ರಿಪೋರ್ಟ್ ಬರೆದರೆ ಕಷ್ಟ.

ಮೊದಲು ಶಿಮ್ ಬಾಕ್ಸ್ (ಕಾಂತಕ್ಷೇತ್ರ ಸಮ ಮಾಡಬೇಕಾದ ಜಾಗವನ್ನು ಗುರುತಿಸುವ ಚೌಕ) ನೋಡಿ. ಅದು ನೋಡಬೇಕಾದ ಭಾಗದ ಮೇಲೆ ಕೂತಿದೆಯಾ, ಅರ್ಧ ಗಾಳಿಯಲ್ಲಿದೆಯಾ? ಗಾಳಿಯಲ್ಲಿದ್ದರೆ ಸರಿಮಾಡಿ ಮತ್ತೆ ಶಿಮ್ ಮಾಡಿ. ಭುಜ, ಮೊಣಕೈಯನ್ನು ಬೋರಿನ (ಮಷೀನಿನ ಸುರಂಗದ) ನಡುಮಧ್ಯಕ್ಕೆ ಆದಷ್ಟು ತನ್ನಿ. ಆಗಲಿಲ್ಲ ಅಂದರೆ ಕೊಬ್ಬು ಮರೆಮಾಡುವ ಬೇರೆ ವಿಧಾನಗಳಾದ ಸ್ಟಿರ್ ಅಥವಾ ಡಿಕ್ಸನ್ ಹಾಕಿ. ಆದರೆ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟ ಮೇಲೆ ಸ್ಟಿರ್ ಬೇಡ. ಅದು ಕೊಬ್ಬಿನ ಜೊತೆಗೆ ಕಾಂಟ್ರಾಸ್ಟ್ ಹಿಡಿದ ಭಾಗವನ್ನೂ ಮರೆಮಾಡಬಹುದು.

ನಮ್ಮಲ್ಲಿ ಕತ್ತಿನ ಕೇಸಿಗೆ ಅಕ್ಕಿ ಚೀಲ ಬಳಸುತ್ತೇವೆ. ಮಾಟುಂಗಾದ ಅಂಗಡಿಯಿಂದ ಎರಡು ಕೆಜಿ ಸೋನಾ ಮಸೂರಿ ತಂದು, ನನ್ನ ಹೆಂಡತಿ ಕಾಟನ್ ಬಟ್ಟೆಯಲ್ಲಿ ಎರಡು ಉದ್ದ ಚೀಲ ಹೊಲಿದುಕೊಟ್ಟಳು. ಗಲ್ಲದ ಕೆಳಗೆ, ಕತ್ತಿನ ಎರಡೂ ಕಡೆ ಅದನ್ನು ಇಟ್ಟರೆ ಗಾಳಿಯ ಸಂದಿ ತುಂಬುತ್ತದೆ. ಅಕ್ಕಿಯ ಕಾಂತಗುಣ ನಮ್ಮ ಮೈಯದಕ್ಕೆ ಹತ್ತಿರ. ಗಟ್ಟಿ ಪದಾರ್ಥವಾದ್ದರಿಂದ ಅದು ಚಿತ್ರದಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಪ್ಲಾಸ್ಟಿಕ್ ಹೊದಿಕೆ ಹಾಕಿ ಪ್ರತಿ ಪೇಶೆಂಟಿಗೂ ಬದಲಿಸಿ. ಮುಂಬೈ ಮಳೆಗಾಲದಲ್ಲಿ ಅಕ್ಕಿಗೆ ಹುಳ ಬೀಳುತ್ತದೆ, ತಿಂಗಳಿಗೊಮ್ಮೆ ಅಕ್ಕಿ ಬದಲಿಸಿ.

ಪ್ರತಿ ಸಂಜೆ ಏಳಕ್ಕೆ ಬರುತ್ತಿದ್ದ ಗೆರೆ

ನಾನು ಅತಿ ಹೆಚ್ಚು ಕಲಿತದ್ದು ಈ ಕೇಸಿನಿಂದ.

ಮೂರು ವರ್ಷದ ಹಿಂದೆ, ಮಳೆಗಾಲ ಮುಗಿಯುವ ಹೊತ್ತು. ಮೊಣಕಾಲಿನ ಚಿತ್ರದಲ್ಲಿ ಜಿಪ್ ಹಾಕಿದ ಹಾಗೆ ಚುಕ್ಕಿ ಚುಕ್ಕಿಯ ಒಂದು ಗೆರೆ. ಮೂಳೆಯ ಮೇಲೂ ಇದೆ, ಹೊರಗಿನ ಕಪ್ಪು ಗಾಳಿಯ ಮೇಲೂ ಇದೆ. ಪಕ್ಕದಲ್ಲೇ ಇನ್ನೊಂದು ತೆಳು ಗೆರೆ. ಮರುದಿನ ಬೆಳಿಗ್ಗೆ ಫ್ಯಾಂಟಮ್ ಇಟ್ಟರೆ ಏನೂ ಇಲ್ಲ. ಸಂಜೆ ಮತ್ತೆ ಬಂತು. ನಮ್ಮ ನೋಟ್‌ಬುಕ್ ತೆಗೆದು ನಾಲ್ಕು ದಿನದ ಹೊತ್ತು ನೋಡಿದೆ: 7:05, 7:20, 6:58, 7:10. ಏಳಕ್ಕಿಂತ ಬಹಳ ಮುಂಚೆ ಒಂದೂ ಇಲ್ಲ.

ಅಂದು ಸಂಜೆ ಫ್ಯಾಂಟಮ್ ಇಟ್ಟುಕೊಂಡು ಕಾದು ಕೂತೆ. ಗೆರೆ ಬಂದ ಕೂಡಲೇ ಬ್ಯಾಂಡ್‌ವಿಡ್ತ್ 32ರಿಂದ 64 ಕಿಲೋಹರ್ಟ್ಝ್‌ಗೆ ಏರಿಸಿದೆ. ನಡುಮಧ್ಯದಿಂದ 80 ಪಿಕ್ಸೆಲ್ ದೂರ ಇದ್ದ ಗೆರೆ 40ಕ್ಕೆ ಬಂತು. ಇದರ ಅರ್ಥ ಇಷ್ಟು. ಮೊದಲು ಒಂದು ಪಿಕ್ಸೆಲ್‌ಗೆ 125 ಹರ್ಟ್ಝ್ ಇತ್ತು, ಈಗ 250. ಎರಡು ಲೆಕ್ಕದಲ್ಲೂ ಆ ಅಲೆ ನಮ್ಮ ಮಧ್ಯದ ಫ್ರೀಕ್ವೆನ್ಸಿಯಿಂದ 10 ಕಿಲೋಹರ್ಟ್ಝ್ ಆಚೆ ಇದೆ. ಹೈಡ್ರೋಜನ್ನಿನ ಫ್ರೀಕ್ವೆನ್ಸಿ ಟೆಸ್ಲಾಗೆ 42.58 ಮೆಗಾಹರ್ಟ್ಝ್, ಹಾಗಾಗಿ 1.5 ಟೆಸ್ಲಾದಲ್ಲಿ ಸುಮಾರು 63.9. ಆ ಸಂಖ್ಯೆಯ ಪಕ್ಕದಲ್ಲಿ ಯಾವುದೋ ರೇಡಿಯೋ ಅಲೆ ನಿಂತಿದೆ, ಅದು ರೂಮಿನ ಒಳಗೆ ಬರುತ್ತಿದೆ. ಕಾಯಿಲ್ ಬದಲಿಸಿದೆ, ಉಳಿಯಿತು. ರೂಮಿನೊಳಗಿನ ಪಲ್ಸ್ ಮಾನಿಟರ್ ಬಿಚ್ಚಿದೆ, ಉಳಿಯಿತು. ಒಳಗಿನ ಲೈಟು ಆರಿಸಿದೆ, ಆಗಲೂ ಉಳಿಯಿತು. ಆಮೇಲೆ ಬಾಗಿಲನ್ನು ಹೊರಗಿನಿಂದ ಭುಜ ಕೊಟ್ಟು ಒತ್ತಿ ಹಿಡಿಯಲು ನಮ್ಮ ವಾರ್ಡ್‌ಬಾಯ್‌ಗೆ ಹೇಳಿ ಇನ್ನೊಮ್ಮೆ ಓಡಿಸಿದೆ. ತೆಳು ಗೆರೆ ಮಾಯ. ದಪ್ಪ ಗೆರೆ ಅರ್ಧ ಮಸುಕಾಯಿತು.

ಬಾಗಿಲು ತೆಗೆದು ಟಾರ್ಚ್ ಹಾಕಿ ನೋಡಿದೆ. ಎಂಆರ್‌ಐ ರೂಮು ಅಂದರೆ ಸುತ್ತಲೂ ತಾಮ್ರದ ತಗಡು ಹೊದಿಸಿದ ಡಬ್ಬಿ. ಹೊರಗಿನ ರೇಡಿಯೋ ಅಲೆಗಳನ್ನು ಸಾಮಾನ್ಯವಾಗಿ 90ರಿಂದ 100 ಡೆಸಿಬೆಲ್ ತಗ್ಗಿಸುವ ಹಾಗೆ ಕಟ್ಟಿರುತ್ತಾರೆ. ಬಾಗಿಲಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಸಣ್ಣ ಸಣ್ಣ ಲೋಹದ ಬೆರಳುಗಳಿರುತ್ತವೆ, ಬೆರಿಲಿಯಂ ತಾಮ್ರದ್ದು. ಬಾಗಿಲು ಮುಚ್ಚಿದಾಗ ಅವು ಚೌಕಟ್ಟಿಗೆ ಒತ್ತಿಕೊಂಡು ಡಬ್ಬಿಯನ್ನು ಪೂರ್ತಿ ಮಾಡುತ್ತವೆ. ನಮ್ಮ ಬಾಗಿಲಿನ ಕೆಳಭಾಗದಲ್ಲಿ, ಹೊಸ್ತಿಲಿನ ಹತ್ತಿರ, ಒಂದು ಗೇಣು ಉದ್ದ ಬೆರಳುಗಳು ಹಸಿರುಗಟ್ಟಿದ್ದವು. ಒಂಬತ್ತು ಬೆರಳು ಚಪ್ಪಟೆಯಾಗಿ ಮಲಗಿದ್ದವು, ಎರಡು ಮುರಿದೇ ಹೋಗಿದ್ದವು. ಸ್ಟ್ರೆಚರ್ ಚಕ್ರ ಬಡಿದದ್ದು, ಮೇಲೆ ಸಮುದ್ರದ ಗಾಳಿಯ ಉಪ್ಪು. ಒಂದು ಹಾಳೆ ಕಾಗದ ಸಂದಿಯಲ್ಲಿಟ್ಟು ಬಾಗಿಲು ಮುಚ್ಚಿ ಎಳೆದೆ. ಮೇಲ್ಭಾಗದಲ್ಲಿ ಕಾಗದ ಬಿಗಿಯಾಗಿ ಸಿಕ್ಕಿಕೊಂಡಿತು. ಕೆಳಗೆ ಸುಮ್ನೆ ಜಾರಿ ಬಂತು.

ಸರಿ, ದಾರಿ ಸಿಕ್ಕಿತು. ಏಳು ಗಂಟೆ ಯಾಕೆ? ಹೊರಗಿನ ಕಾರಿಡಾರಿಗೆ ಹೋಗಿ ನಿಂತೆ. ಎದುರು ಗೋಡೆಯ ಮೇಲೆ ಗಣಪತಿ ಹಬ್ಬದ ಸಮಯದಲ್ಲಿ ಹಾಕಿಸಿದ ಹೊಸ ಎಲ್‌ಇಡಿ ಬೋರ್ಡು. ಟೈಮರ್‌ನಲ್ಲಿ ಏಳಕ್ಕೆ ಸ್ವಲ್ಪ ಮೊದಲು ಹತ್ತಿಕೊಳ್ಳುತ್ತಿತ್ತು. ಪ್ಲಗ್ ಕಿತ್ತೆವು, ಗೆರೆ ಪೂರ್ತಿ ಹೋಯಿತು. ಎಲ್‌ಇಡಿಯ ಪವರ್ ಸಪ್ಲೈ ಒಳಗೆ ಕರೆಂಟನ್ನು ಬಹಳ ವೇಗವಾಗಿ ಆನ್ ಆಫ್ ಮಾಡುತ್ತದೆ. ಅಗ್ಗದ ಸಪ್ಲೈ ಆದರೆ ಅದರ ಗದ್ದಲ ಹತ್ತಾರು ಮೆಗಾಹರ್ಟ್ಝ್ ತನಕ ಹಬ್ಬುತ್ತದೆ.

ಬೋರ್ಡು ತೆಗೆಸಿದರೆ ಆಯಿತಲ್ಲ ಅಂತ ಮ್ಯಾನೇಜರ್ ಅಂದರು. ನಾನು ಒಪ್ಪಲಿಲ್ಲ. ಇವತ್ತು ಬೋರ್ಡು, ನಾಳೆ ಲಿಫ್ಟಿನ ಡ್ರೈವ್, ನಾಡಿದ್ದು ಪಕ್ಕದ ಅಂಗಡಿಯ ಇನ್ವರ್ಟರ್. ಡಬ್ಬಿ ತೂತಾಗಿದ್ದರೆ ಏನಾದರೊಂದು ಒಳಗೆ ಬಂದೇ ಬರುತ್ತದೆ. ಎರಡೂ ಮಾಡಿಸಿದೆವು. ಬೆರಳುಗಳ ಪಟ್ಟಿಯನ್ನು ಶೀಲ್ಡಿಂಗ್ ಕೆಲಸದವರು ಬದಲಿಸಿದರು. ಈಗ ಪ್ರತಿ ಸೋಮವಾರ ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ನಾವೇ ಮೆಲ್ಲಗೆ ಒರೆಸುತ್ತೇವೆ. ಸ್ಯಾಂಡ್ ಪೇಪರ್ ಮಾತ್ರ ಖಂಡಿತ ಬೇಡ. ಬೆರಿಲಿಯಂ ಪುಡಿ ಶ್ವಾಸಕೋಶಕ್ಕೆ ವಿಷ. ಮುಂಬೈ, ಗೋವಾದ ಕಡಲ ದಂಡೆಯಲ್ಲಿ ಕೆಲಸ ಮಾಡುವವರು ಈ ಬಾಗಿಲನ್ನು ಮರೆಯಲೇಬೇಡಿ.

ಪುಣೆಯದ್ದು ಬೇರೆಯೇ ಕಥೆ. ಅಲ್ಲಿ ಕೆಲಸ ಮಾಡುವ ನನ್ನ ಸಹಪಾಠಿಗೆ ಫೆಬ್ರವರಿಯಲ್ಲಿ ಚಿತ್ರದ ತುಂಬ ಓರೆ ಪಟ್ಟೆ ಬರುತ್ತಿತ್ತು, ಕಾಟನ್ ಬಟ್ಟೆಯ ನೇಯ್ಗೆಯ ಹಾಗೆ. ಒಂದು ಇಮೇಜಿನಲ್ಲಿ ಇದ್ದರೆ ಮುಂದಿನದರಲ್ಲಿ ಇಲ್ಲ. ಅದು ಸ್ಪೈಕ್. ಓದುವಾಗ ಒಂದೇ ಒಂದು ಬಿಂದುವಿನಲ್ಲಿ ಕಿಡಿ ಹಾರಿದರೂ ಇಡೀ ಚಿತ್ರದ ಮೇಲೆ ಪಟ್ಟೆ ಎಳೆಯುತ್ತದೆ. ಕಚ್ಚಾ ಡೇಟಾ ತೆರೆದು ನೋಡಿದರೆ ಆ ಬಿಂದು ನಕ್ಷತ್ರದ ಹಾಗೆ ಹೊಳೆಯುತ್ತಿರುತ್ತದೆ. ರೂಮಿನ ತೇವಾಂಶ ಕೇಳಿದೆ, ಶೇಕಡಾ 26 ಅಂದಳು. ನೈಲಾನ್ ಹೊದಿಕೆ ಬೇರೆ. ಕಾಟನ್ ಹೊದಿಕೆ ತಂದು, ತೇವಾಂಶವನ್ನು 40ರ ಮೇಲೆ ಏರಿಸಿದ ಮೇಲೆ ನಿಂತಿತು. ಆಮೇಲೂ ನಿಲ್ಲದಿದ್ದರೆ ಸಡಿಲವಾದ ಸ್ಕ್ರೂ ಇರಬಹುದು. ಗ್ರೇಡಿಯೆಂಟ್ (ಕಾಂತಕ್ಷೇತ್ರವನ್ನು ಜಾಗದಿಂದ ಜಾಗಕ್ಕೆ ಬದಲಿಸುವ ಸುರುಳಿ) ಅದುರುವಾಗ ಲೋಹಕ್ಕೆ ಲೋಹ ತಾಗಿ ಕಿಡಿ ಹಾರುತ್ತದೆ. ಅದು ಎಂಜಿನಿಯರ್ ಕೆಲಸ.

ಹಳಿ ಪಕ್ಕದ ಸೆಂಟರ್‌ಗಳಿಗೆ ಒಂದು ಮಾತು. ಮುಂಬೈ ಲೋಕಲ್ ಮೊದಲು 1500 ವೋಲ್ಟ್ ಡಿಸಿಯಲ್ಲಿ ಓಡುತ್ತಿತ್ತು, ಈಗ 25,000 ವೋಲ್ಟ್ ಎಸಿ. ಆದರೂ ಅಷ್ಟು ದೊಡ್ಡ ಕಬ್ಬಿಣದ ರಾಶಿ ಹತ್ತಿರದಲ್ಲಿ ಹಾದುಹೋದರೆ ಕಾಂತಕ್ಷೇತ್ರ ಕೂದಲೆಳೆಯಷ್ಟು ಅಲುಗಬಹುದು. ಲಿಫ್ಟೂ ಹಾಗೇ. ಡಿಫ್ಯೂಷನ್ ಚಿತ್ರ (ಮೈಯೊಳಗೆ ನೀರಿನ ಕಣಗಳ ಓಡಾಟ ತೋರಿಸುವುದು) ಆಗೊಮ್ಮೆ ಈಗೊಮ್ಮೆ ಜರುಗಿದರೆ ಹೊತ್ತು ಬರೆದಿಟ್ಟುಕೊಂಡು ರೈಲಿನ ಹೊತ್ತಿನ ಜೊತೆ ಹೋಲಿಸಿ. ಹಾಗೇ ಮೇ ತಿಂಗಳಲ್ಲಿ ಮಷೀನನ್ನು ತಣ್ಣಗಿಡುವ ಚಿಲ್ಲರ್ ಸೋತರೆ ಗ್ರೇಡಿಯೆಂಟ್ ಬಿಸಿಯಾಗಿ ಮಧ್ಯದ ಫ್ರೀಕ್ವೆನ್ಸಿ ಜಾರುತ್ತದೆ. ಉದ್ದದ ಡಿಫ್ಯೂಷನ್ ಸ್ಕ್ಯಾನ್ ಆದ ಕೂಡಲೇ ಫ್ಯಾಟ್ ಸ್ಯಾಚುರೇಷನ್ ಕೆಟ್ಟರೆ ಅದೇ ಕಾರಣ ಇರಬಹುದು. ಫ್ರೀಕ್ವೆನ್ಸಿ ಮತ್ತೆ ಹೊಂದಿಸಿ.

ಒಂದು ಮೂಲೆ ಮಾತ್ರ ಕಪ್ಪಾಗಿದ್ದರೆ

ಕಾಯಿಲ್ ನೋಡಿ. ಇವತ್ತಿನ ಕಾಯಿಲ್‌ಗಳಲ್ಲಿ ಎಂಟು, ಹದಿನಾರು ಸಣ್ಣ ತುಂಡುಗಳಿರುತ್ತವೆ. ಒಂದು ಸತ್ತರೂ ಚಿತ್ರ ಬರುತ್ತದೆ. ಅಲ್ಲಿ ಮಾತ್ರ ಮಂಕು, ಕಾಳು ಕಾಳು. ಸಾಫ್ಟ್‌ವೇರ್ ಬೆಳಕನ್ನು ಸಮ ಮಾಡಿಬಿಡುವುದರಿಂದ ಕಣ್ಣಿಗೆ ಬೇಗ ಗೊತ್ತಾಗುವುದಿಲ್ಲ, ಅದೇ ಅಪಾಯ. ಫ್ಯಾಂಟಮ್ ಇಟ್ಟು ಒಂದೊಂದು ತುಂಡಿನ ಚಿತ್ರವನ್ನು ಬೇರೆ ಬೇರೆಯಾಗಿ ತೆರೆದು ನೋಡಿ. ಸತ್ತದ್ದು ಕೂಡಲೇ ಕಾಣುತ್ತದೆ. ನಮ್ಮ ಮೊಣಕಾಲಿನ ಕಾಯಿಲ್‌ನಲ್ಲಿ ಪ್ಲಗ್ಗಿನ ಒಂದು ಪಿನ್ ಬಾಗಿತ್ತು. ಅವಸರದಲ್ಲಿ ಓರೆಯಾಗಿ ಚುಚ್ಚಿದ್ದರು.

ಸಂಖ್ಯೆ ಬೇಕು ಅಂದರೆ ಒಂದೇ ಸೆಟ್ಟಿಂಗ್‌ನಲ್ಲಿ ಫ್ಯಾಂಟಮ್‌ನ ಎರಡು ಚಿತ್ರ ತೆಗೆಯಿರಿ. ಒಂದರಿಂದ ಇನ್ನೊಂದನ್ನು ಕಳೆಯಿರಿ. ಮೊದಲ ಚಿತ್ರದ ಸರಾಸರಿ ಸಿಗ್ನಲ್ಲನ್ನು 1.41ರಿಂದ ಗುಣಿಸಿ, ಕಳೆದ ಚಿತ್ರದ ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ ಭಾಗಿಸಿ. ಬಂದ ಸಂಖ್ಯೆಯನ್ನು ಪಕ್ಕದ ಸೆಂಟರ್ ಜೊತೆ ಹೋಲಿಸಬೇಡಿ. ನಿಮ್ಮದೇ ಕಳೆದ ತಿಂಗಳ ಸಂಖ್ಯೆ ಜೊತೆ ಹೋಲಿಸಿ.

3 ಟೆಸ್ಲಾದಲ್ಲಿ ಹೊಟ್ಟೆಯ ನಡುವೆ ಕಪ್ಪು ಮೋಡ ಕವಿದರೆ ಕಾಯಿಲ್ಲನ್ನು ಬೈಯಬೇಡಿ. ಅಲ್ಲಿ ಮೈಯೊಳಗೆ ರೇಡಿಯೋ ಅಲೆಯ ಉದ್ದ ಸುಮಾರು 26 ಸೆಂಟಿಮೀಟರ್, ಹೊಟ್ಟೆಯ ಅಗಲದಷ್ಟೇ. ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಹೊಟ್ಟೆಯಲ್ಲಿ ನೀರು ತುಂಬಿದವರನ್ನು 1.5ಕ್ಕೆ ಕಳಿಸುವುದು ಒಳ್ಳೆಯದು.

ಅಳತೆ ನಿಜವಾ?

ಗೆರೆ, ನೆರಳು ಕಣ್ಣಿಗೆ ಕಾಣುತ್ತವೆ. ಅಳತೆ ತಪ್ಪಿದ್ದು ಕಾಣುವುದಿಲ್ಲ. ನನಗೆ ಜಾಸ್ತಿ ಚಿಂತೆ ಇರುವುದು ಇದರದ್ದೇ. ಮೂರು ತಿಂಗಳ ಹಿಂದೆ 22 ಮಿಲಿಮೀಟರ್ ಇದ್ದ ಗಡ್ಡೆ ಈಗ 25 ಅಂತ ಬಂದರೆ ಡಾಕ್ಟರ್ ಔಷಧಿ ಬದಲಿಸುವ ಮಾತಾಡಬಹುದು. ಆ ಮೂರು ಮಿಲಿಮೀಟರ್ ಗಡ್ಡೆಯದ್ದಾ, ನಮ್ಮದಾ?

ನಮ್ಮದಾಗಿರಲು ಎಷ್ಟೋ ದಾರಿಗಳಿವೆ. ಹೋದ ಸಲ 3 ಮಿಲಿಮೀಟರ್ ಸ್ಲೈಸ್, ಈ ಸಲ 5 ಮಿಲಿಮೀಟರ್ ಮತ್ತು ನಡುವೆ 1 ಮಿಲಿಮೀಟರ್ ಖಾಲಿ. ಹೋದ ಸಲ ತಲೆ ನೇರ, ಈ ಸಲ ಓರೆ. ಇನ್ನೊಂದು ಉದಾಹರಣೆ. ಬ್ಯಾಂಡ್‌ವಿಡ್ತ್ 16 ಕಿಲೋಹರ್ಟ್ಝ್ ಇಟ್ಟರೆ ಒಂದು ಪಿಕ್ಸೆಲ್‌ಗೆ 62.5 ಹರ್ಟ್ಝ್ ಆಯಿತು. ಕೊಬ್ಬಿನ 220 ಹರ್ಟ್ಝ್ ಅಂದರೆ ಮೂರೂವರೆ ಪಿಕ್ಸೆಲ್. ಪಿಕ್ಸೆಲ್ 1 ಮಿಲಿಮೀಟರ್ ಇದ್ದರೆ ಕೊಬ್ಬು ತನ್ನ ಜಾಗದಿಂದ ಮೂರೂವರೆ ಮಿಲಿಮೀಟರ್ ಸರಿದು ಕೂತಿದೆ. ಬೆನ್ನೆಲುಬಿನ ಡಿಸ್ಕಿನ ಒಂದು ಕಡೆಯ ಅಂಚು ದಪ್ಪ, ಇನ್ನೊಂದು ತೆಳು ಕಂಡರೆ ಇದೇ. 64 ಕಿಲೋಹರ್ಟ್ಝ್‌ಗೆ ಹೋದರೆ ಸರಿತ ಒಂದು ಪಿಕ್ಸೆಲ್‌ಗಿಂತ ಕಡಿಮೆ. ಸಿಗ್ನಲ್ ಸ್ವಲ್ಪ ಇಳಿಯುತ್ತದೆ, ಇಳಿಯಲಿ. ಫಾಲೋಅಪ್ ಕೇಸಿನಲ್ಲಿ ಹಳೆಯ ಸ್ಕ್ಯಾನ್ ತೆರೆದು ಅದೇ ಕೋನ, ಅದೇ ದಪ್ಪ, ಅದೇ ಬ್ಯಾಂಡ್‌ವಿಡ್ತ್ ನಕಲು ಮಾಡಿ. ಹತ್ತು ನಿಮಿಷ ಹೋದರೂ ಪರವಾಗಿಲ್ಲ.

ಮಷೀನಿನ ಅಳತೆಗೋಲು ನೋಡಲು ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿಯ ದೊಡ್ಡ ಫ್ಯಾಂಟಮ್ ಬಳಸುತ್ತೇವೆ. ಅದರ ಒಳಗಿನ ವ್ಯಾಸ 190 ಮಿಲಿಮೀಟರ್, ಉದ್ದ 148. ಸೋಮವಾರ ಬೆಳಿಗ್ಗೆ ಮೊದಲ ಪೇಶೆಂಟಿಗಿಂತ ಮುಂಚೆ ವ್ಯಾಸವನ್ನು ಅಡ್ಡ, ಮೇಲಿಂದ ಕೆಳಗೆ, ಎರಡು ಓರೆ ಅಳೆಯುತ್ತೇವೆ. 188ರಿಂದ 192ರ ಒಳಗಿದ್ದರೆ ಸರಿ. ಅದರಾಚೆ ಹೋದರೆ ಮೊದಲು ಡಿಸ್ಟಾರ್ಷನ್ ಕರೆಕ್ಷನ್ (ಚಿತ್ರದ ಸೊಟ್ಟ ತಿದ್ದುವ ಸೆಟ್ಟಿಂಗ್) ಆಫ್ ಆಗಿದೆಯಾ ನೋಡಿ. ಯಾರೋ ಟಿಕ್ ತೆಗೆದಿರುತ್ತಾರೆ. ಆನ್ ಇದ್ದೂ ತಪ್ಪಿದರೆ ಗ್ರೇಡಿಯೆಂಟ್ ಕ್ಯಾಲಿಬ್ರೇಷನ್ ಜಾರಿದೆ. ಮೆದುಳಿನ ಆಪರೇಷನ್‌ಗೋ ರೇಡಿಯೇಷನ್‌ಗೋ ಪ್ಲಾನಿಂಗ್ ಸ್ಕ್ಯಾನ್ ಇದ್ದರೆ ಅಂದು ಮಾಡಬೇಡಿ, ಮುಂದೂಡಿ.

ಎಂಜಿನಿಯರ್‌ಗೆ ಫೋನ್ ಮಾಡುವ ಮೊದಲು

"ಇಮೇಜ್ ಸರಿಯಿಲ್ಲ ಸರ್" ಅಂತ ಹೇಳಿದರೆ ಅವರು ರೀಸ್ಟಾರ್ಟ್ ಮಾಡಿ ಅಂತಲೇ ಹೇಳುತ್ತಾರೆ. ಹೀಗೆ ಹೇಳಿ: ಗೆರೆ ಫೇಸ್ ದಿಕ್ಕಿಗಿದೆ, ಫ್ಯಾಂಟಮ್‌ನಲ್ಲೂ ಬರುತ್ತದೆ, ಮೂರು ಕಾಯಿಲ್‌ನಲ್ಲೂ ಬರುತ್ತದೆ, ಬ್ಯಾಂಡ್‌ವಿಡ್ತ್ ಬದಲಿಸಿದರೆ ಜಾಗ ಬದಲಿಸುತ್ತದೆ, ಸಂಜೆ ಏಳರ ನಂತರ ಮಾತ್ರ. ಕಚ್ಚಾ ಡೇಟಾ ಉಳಿಸಿಟ್ಟು ಆಮೇಲೆ ಫೋನ್ ಮಾಡಿ. ಹೆಚ್ಚಿನ ಮಷೀನುಗಳು ಅದನ್ನು ಕೆಲವೇ ಹೊತ್ತಿನಲ್ಲಿ ಅಳಿಸಿಬಿಡುತ್ತವೆ. ರೂಮಿನ ಉಷ್ಣತೆ, ತೇವಾಂಶ, ಹೀಲಿಯಂ ಮಟ್ಟ, ಚಿಲ್ಲರ್ ನೀರಿನ ಉಷ್ಣತೆ, ಈ ನಾಲ್ಕು ಸಂಖ್ಯೆ ಕೈಯಲ್ಲಿರಲಿ. ನಮ್ಮ ಕನ್ಸೋಲ್ ಪಕ್ಕ ಇನ್ನೂರು ಪುಟದ ಒಂದು ರೂಲ್ಡ್ ನೋಟ್‌ಬುಕ್ ದಾರ ಕಟ್ಟಿ ನೇತುಹಾಕಿದ್ದೇವೆ. ಪೆನ್ನೂ ಅದಕ್ಕೇ ಕಟ್ಟಿದೆ. ದಿನಾಂಕ, ಹೊತ್ತು, ಕಾಯಿಲ್, ಏನು ಕಂಡಿತು, ಏನು ಬದಲಿಸಿದಾಗ ಹೋಯಿತು. ಕನ್ನಡದಲ್ಲೋ ಮರಾಠಿಯಲ್ಲೋ, ಯಾರಿಗೆ ಯಾವುದು ಬರುತ್ತದೋ ಅದರಲ್ಲಿ ಬರೆಯುತ್ತಾರೆ.